ಹಡಗು ಹತ್ತುವ ಮುನ್ನದ ವಿಳಂಬ: ಹೊಣೆ ಯಾರದು, ವೆಚ್ಚ ಯಾರದು?

ವಿತರಕರ ಸಮಾವೇಶ, ಮಾರಾಟ ಪ್ರತಿನಿಧಿಗಳ ಪುರಸ್ಕಾರ ಪ್ರವಾಸ, ಸಿಬ್ಬಂದಿಯ ವಾರ್ಷಿಕ ಸ್ನೇಹಕೂಟ ಮುಂತಾದ ಕಾರ್ಯಕ್ರಮಗಳಿಗೆ ಹೋಟೆಲು, ರೆಸಾರ್ಟುಗಳ ಬದಲು ವಿಹಾರ ನೌಕೆಯನ್ನು ಆರಿಸಿಕೊಳ್ಳುವ ರೂಢಿ ನಮ್ಮ ಉದ್ಯಮ ವಲಯದಲ್ಲಿಯೂ ಕಾಣಿಸಿಕೊಂಡಿದೆ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಕಾರ್ಡೇಲಿಯಾ ಕ್ರೂಸಸ್ ಸಂಸ್ಥೆಯ ಯಾನಗಳು ಆರಂಭವಾದ ಮೇಲೆ, ಪಾಸ್‌ಪೋರ್ಟ್ ಇಲ್ಲದವರಿಗೂ ದೇಶದ ಕರಾವಳಿಯಲ್ಲಿಯೇ ಇಂತಹ ಪ್ರವಾಸ ಸಾಧ್ಯವಾಯಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಯೋಜನೆಗೆ ಚಾಲನೆ ನೀಡಿತು. ಮುಂಬೈನ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು.

ನವಮಂಗಳೂರು ಬಂದರಿಗೆ ಬರುವ ವಿದೇಶಿ ವಿಹಾರ ನೌಕೆಗಳು ಕೆಲವು ಗಂಟೆ ತಂಗಿ ಮುಂದೆ ಸಾಗುತ್ತವೆ. ಹೀಗಾಗಿ ಯಾನವನ್ನು ಆರಂಭಿಸಬೇಕಾದ ಕರ್ನಾಟಕದ ತಂಡಗಳು ಸಾಮಾನ್ಯವಾಗಿ ಮುಂಬೈಗೆ, ಇಲ್ಲವೇ ಸಿಂಗಪುರದಂತಹ ವಿದೇಶಿ ಬಂದರಿಗೆ ತೆರಳುತ್ತವೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಅರವತ್ತು ಜನರನ್ನು ಕರೆದೊಯ್ಯುವ ಸಂಸ್ಥೆಗೆ ಬಂದರಿನಲ್ಲಿ ಆಗುವ ವಿಳಂಬ ಬರಿಯ ಬೇಸರದ ಸಂಗತಿಯಲ್ಲ. ಅದಕ್ಕೆ ಬೆಲೆಯುಂಟು. ಆ ಬೆಲೆಯನ್ನು ಯಾರು ತೆರಬೇಕೆಂಬುದು ಟಿಕೆಟ್ ಕೊಂಡ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ ಎಂಬುದನ್ನು ಸದಸ್ಯ ಸಂಸ್ಥೆಗಳು ಗಮನಿಸಬೇಕು.

ಒಂದೇ ದಿನ, ಒಂದೇ ಧಕ್ಕೆ

ವಿಹಾರ ನೌಕೆಯ ಅರ್ಥಶಾಸ್ತ್ರ ಸರಳವಾದುದು: ಹಡಗು ಖಾಲಿ ನಿಂತಷ್ಟೂ ನಷ್ಟ. ಆದ್ದರಿಂದ ಬೆಳಗಿನ ಜಾವ ಒಂದು ಯಾನ ಮುಗಿಸಿ ಬಂದ ಹಡಗು ಅದೇ ಸಂಜೆ ಮತ್ತೊಂದು ಯಾನಕ್ಕೆ ಹೊರಡುತ್ತದೆ. ಈ ಎಂಟು-ಹತ್ತು ಗಂಟೆಗಳಲ್ಲಿ ಹಳೆಯ ಪ್ರಯಾಣಿಕರು ಇಳಿಯಬೇಕು, ಅವರ ಸಾಮಾನು ಹೊರಬರಬೇಕು, ಕೋಣೆಗಳು ಶುಚಿಯಾಗಬೇಕು, ಇಂಧನ, ನೀರು, ದಿನಸಿ ತುಂಬಬೇಕು, ಕಸ್ಟಮ್ಸ್ ಮತ್ತು ವಲಸೆ ಅಧಿಕಾರಿಗಳ ಅನುಮತಿ ದೊರೆಯಬೇಕು, ಬಳಿಕ ಹೊಸಬರು ಹತ್ತಬೇಕು. ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕೆಲಸಗಳು. ಹಡಗು ಬೆಳಿಗ್ಗೆ ಎರಡು ಗಂಟೆ ತಡವಾಗಿ ಬಂದರೆ ಆ ಎರಡು ಗಂಟೆ ಮಧ್ಯಾಹ್ನದ ಸರದಿಯ ಮೇಲೆ ಬಂದು ಬೀಳುತ್ತದೆ.

ಉದಾಹರಣೆಗೆ, 2,000 ಪ್ರಯಾಣಿಕರು ಹತ್ತಬೇಕಾದ ಹಡಗಿಗೆ 20 ಕೌಂಟರುಗಳಿವೆ ಎಂದಿಟ್ಟುಕೊಳ್ಳೋಣ. ಒಬ್ಬರ ತಪಾಸಣೆಗೆ ಮೂರು ನಿಮಿಷವಾದರೆ ಒಟ್ಟು ಐದು ಗಂಟೆ ಬೇಕು. ಅದೇ ನಾಲ್ಕು ನಿಮಿಷವಾದರೆ ಆರು ಗಂಟೆ ನಲವತ್ತು ನಿಮಿಷ. ಅಂದರೆ ತಲಾ ಒಂದು ನಿಮಿಷದ ಹೆಚ್ಚಳದಿಂದ ಸಾಲಿನ ಕೊನೆಯವರಿಗೆ ನೂರು ನಿಮಿಷದ ವಿಳಂಬವಾಗುತ್ತದೆ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಟಿಕೆಟಿನಲ್ಲಿ ಮತ್ತೊಂದು ಹೆಸರು ಇರುವುದು, ಆನ್‌ಲೈನ್ ಚೆಕ್-ಇನ್ ಮಾಡದೆ ಬರುವುದು, ಕೊಟ್ಟ ವೇಳೆಯನ್ನು ಬಿಟ್ಟು ಎಲ್ಲರೂ ಒಮ್ಮೆಗೇ ಬಂದು ನಿಲ್ಲುವುದು, ಇವೇ ಆ ಒಂದು ನಿಮಿಷದ ಮೂಲಗಳು. ಮುಂಬೈನ ಹೊಸ ಟರ್ಮಿನಲ್‌ನಲ್ಲಿ ಚೆಕ್-ಇನ್ ಮತ್ತು ವಲಸೆ ತಪಾಸಣೆಗೆ 72 ಕೌಂಟರುಗಳನ್ನು ಕಲ್ಪಿಸಿರುವುದು ಸ್ವಾಗತಾರ್ಹ. ಆದರೆ ಕೌಂಟರುಗಳು ಹೆಚ್ಚಿದ ಮಾತ್ರಕ್ಕೆ ತಡವಾಗಿ ಬಂದ ಹಡಗು ಬೇಗ ಸಿದ್ಧವಾಗುವುದಿಲ್ಲ.

ಹವೆ, ಯಂತ್ರ, ರೋಗ

ಯಾರ ಕೈಯಲ್ಲೂ ಇಲ್ಲದ ಕಾರಣಗಳೂ ಇವೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಚಳಿಗಾಲದ ದಟ್ಟ ಮಂಜಿನಿಂದ ಹಡಗುಗಳ ಸಂಚಾರ ನಿಲ್ಲುವುದುಂಟು. ಒಳಬರಬೇಕಾದ ವಿಹಾರ ನೌಕೆ ಆಗ ಸಮುದ್ರದಲ್ಲಿಯೇ ಕಾಯುತ್ತದೆ. ದಡದಲ್ಲಿ ಹೊಸ ಪ್ರಯಾಣಿಕರೂ ಕಾಯುತ್ತಾರೆ. ಕೋವಿಡ್ ಅವಧಿಯಲ್ಲಿ, 2022ರ ಜನವರಿ ಮೊದಲ ವಾರ, ಮುಂಬೈಯಿಂದ ಗೋವಾಕ್ಕೆ ಹೋದ ನೌಕೆಯಲ್ಲಿ ಸೋಂಕು ಪತ್ತೆಯಾದ ಕಾರಣ ಪ್ರಯಾಣಿಕರು ಗೋವಾದಲ್ಲಿ ಇಳಿಯಲಾಗದೆ ಹಡಗಿನಲ್ಲಿಯೇ ಪರೀಕ್ಷಾ ವರದಿಗೆ ಕಾಯಬೇಕಾಯಿತು. ನೌಕೆ ಅನಂತರ ಮುಂಬೈಗೆ ಮರಳಿತು.

ಯಂತ್ರದೋಷದ ವಿಳಂಬಕ್ಕೆ 2024ರ ಬೆಲ್‌ಫಾಸ್ಟ್ ಪ್ರಕರಣ ಅಪರೂಪದ ನಿದರ್ಶನ. ವರ್ಷಗಟ್ಟಲೆ ವಿಶ್ವ ಪರ್ಯಟನೆ ಮಾಡಬೇಕಿದ್ದ 'ವಿಲಾ ವೀ ಒಡಿಸ್ಸಿ' ನೌಕೆ ಮೇ ತಿಂಗಳ ಕೊನೆಯಲ್ಲಿ ಹೊರಡಬೇಕಾಗಿತ್ತು. ಚುಕ್ಕಾಣಿ ಭಾಗ ಮತ್ತು ಗೇರ್‌ಬಾಕ್ಸ್ ದುರಸ್ತಿಯಿಂದಾಗಿ ಅದು ಧಕ್ಕೆ ಬಿಟ್ಟದ್ದು ಸೆಪ್ಟೆಂಬರ್ ಕೊನೆಯಲ್ಲಿ. ನಾಲ್ಕು ತಿಂಗಳ ಈ ಅವಧಿಯಲ್ಲಿ ಪ್ರಯಾಣಿಕರ ಜೀವನ ವೆಚ್ಚವನ್ನು ಕಂಪನಿ ಭರಿಸಿತು. ಕಂಪನಿ ಭರಿಸದಿದ್ದರೆ ಪ್ರಯಾಣಿಕರ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಯೇ ನಮ್ಮನ್ನು ಕಾನೂನಿನತ್ತ ಕರೆದೊಯ್ಯುತ್ತದೆ.

ಕಾನೂನಿನ ಆಸರೆ ಎಷ್ಟು?

ವಿಮಾನ ತಡವಾದರೆ ಪ್ರಯಾಣಿಕರಿಗೆ ಏನು ಸಲ್ಲಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಹೇಳುತ್ತವೆ: ಇಷ್ಟು ಗಂಟೆಗೆ ಉಪಾಹಾರ, ಇಷ್ಟು ಗಂಟೆಗೆ ಬದಲಿ ವಿಮಾನ ಅಥವಾ ಮರುಪಾವತಿ. ಹಡಗು ಏರುವವರು ಅದೇ ನಿರೀಕ್ಷೆಯಲ್ಲಿ ಹೋಗುವುದು ಸರಿಯಲ್ಲ. ಸಮುದ್ರ ಪ್ರಯಾಣಿಕರ ಕುರಿತ 1974ರ ಅಥೆನ್ಸ್ ಒಡಂಬಡಿಕೆ ಸಾವು, ಗಾಯ ಮತ್ತು ಸಾಮಾನಿನ ನಷ್ಟಕ್ಕೆ ಸಂಬಂಧಿಸಿದುದು. ಹಡಗು ತಡವಾಗಿ ಹೊರಟದ್ದಕ್ಕೆ ಅದು ಪರಿಹಾರ ಹೇಳುವುದಿಲ್ಲ.

ಯೂರೋಪಿಯನ್ ಒಕ್ಕೂಟದ 2010ರ 1177ನೇ ಸಂಖ್ಯೆಯ ನಿಯಮಾವಳಿ ಈ ವಿಷಯದಲ್ಲಿ ಮುಂದುವರಿದುದು. ಅಲ್ಲಿನ ಬಂದರಿನಿಂದ ಹೊರಡುವುದು 90 ನಿಮಿಷಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಊಟ-ಉಪಾಹಾರ ಒದಗಿಸಬೇಕು. ರಾತ್ರಿ ತಂಗಬೇಕಾದರೆ ವಸತಿಯನ್ನೂ ಮಿತಿಗೊಳಪಟ್ಟು ಕೊಡಬೇಕು. ಸುರಕ್ಷಿತ ಯಾನಕ್ಕೆ ಅಡ್ಡಿಯಾಗುವ ಹವಾಮಾನವಿದ್ದರೆ ವಸತಿಯ ಹೊಣೆ ಇಲ್ಲ. ಆದರೆ ಗಮನಿಸಬೇಕಾದ ಅಂಶವೆಂದರೆ, ಬದಲಿ ಪ್ರಯಾಣ, ಮರುಪಾವತಿ ಮತ್ತು ಟಿಕೆಟ್ ದರದ ಪ್ರಮಾಣದ ಪರಿಹಾರ ಕುರಿತ ವಿಧಿಗಳು ಸಾಮಾನ್ಯ ಸಮುದ್ರ ಪ್ರಯಾಣಿಕರಿಗೆ ಅನ್ವಯಿಸುತ್ತವೆಯೇ ಹೊರತು ವಿಹಾರ ಯಾನದವರಿಗೆ ಅನ್ವಯಿಸುವುದಿಲ್ಲ. ಅತ್ಯಂತ ಉದಾರವಾದ ಈ ಕಾನೂನು ಸಹ ವಿಹಾರ ನೌಕೆಯ ಪ್ರಯಾಣಿಕರಿಗೆ ಊಟ, ವಸತಿಗಳ ಆಚೆಗೆ ಹೆಚ್ಚಿನದನ್ನು ಕೊಡುವುದಿಲ್ಲ.

ಭಾರತದಲ್ಲಿ 1872ರ ಕರಾರು ಅಧಿನಿಯಮದ 73ನೇ ಕಲಮಿನಂತೆ ಕರಾರು ಭಂಗದಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರವುಂಟು. ದೂರದ, ಪರೋಕ್ಷ ನಷ್ಟಕ್ಕಿಲ್ಲ. ಸಮಾವೇಶ ಕೆಟ್ಟು ವಿತರಕರ ಮನಸ್ಸು ಮುರಿಯಿತು ಎಂಬ ಬೇಡಿಕೆ ನಿಲ್ಲುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಸೇವಾ ನ್ಯೂನತೆಗೆ ಪರಿಹಾರ ಕೇಳಲು ಅವಕಾಶ ನೀಡುತ್ತದೆ. ದೂರುದಾರರು ತಾವು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಏಕಪಕ್ಷೀಯವಾದ 'ಅನ್ಯಾಯದ ಕರಾರು' ಕುರಿತ ದೂರನ್ನು ಜಿಲ್ಲಾ ಆಯೋಗದ ಬದಲು ರಾಜ್ಯ ಅಥವಾ ರಾಷ್ಟ್ರೀಯ ಆಯೋಗದ ಮುಂದೆ ಇಡಬೇಕು.

ಆದರೆ ಸಂಸ್ಥೆಗಳಿಗೆ ಇಲ್ಲೊಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು ಈ ಅಧಿನಿಯಮದಲ್ಲಿ ಗ್ರಾಹಕರಲ್ಲ. ಆಸ್ಪತ್ರೆಯೊಂದರ ದಾದಿಯರ ವಸತಿಗೆ ಫ್ಲ್ಯಾಟುಗಳನ್ನು ಕೊಂಡ ನ್ಯಾಸ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ತೀರ್ಪಿತ್ತು, ವ್ಯವಹಾರದ ಪ್ರಧಾನ ಉದ್ದೇಶ ಲಾಭ ಗಳಿಕೆಗೆ ನೇರವಾಗಿ ಅಂಟಿಕೊಂಡಿದೆಯೇ ಎಂದು ನೋಡಬೇಕೆಂದಿತು. ಸಿಬ್ಬಂದಿಯ ಸ್ನೇಹಕೂಟಕ್ಕೆ ಈ ತರ್ಕ ನೆರವಾದೀತು. ಮಾರಾಟದ ಗುರಿ ಮುಟ್ಟಿದ ವಿತರಕರ ಪ್ರವಾಸಕ್ಕೆ ಎದುರು ಪಕ್ಷ ತಕರಾರು ತೆಗೆಯುವ ಸಂಭವವೇ ಹೆಚ್ಚು. ಹೀಗಿರುವಾಗ, ಕಾನೂನಿನಲ್ಲಿ ಸಿಗದುದನ್ನು ಕರಾರಿನಲ್ಲಿ ಬರೆಸಿಕೊಳ್ಳುವುದೇ ಉಳಿದ ದಾರಿ.

ಸಹಿ ಹಾಕುವ ಮುನ್ನ

ಒಂಟಿ ಪ್ರಯಾಣಿಕರು ಮುದ್ರಿತ ಷರತ್ತುಗಳನ್ನು ಒಪ್ಪಲೇಬೇಕು. ಅರವತ್ತು ಜನರ ತಂಡ ತರುವ ಸಂಸ್ಥೆಗೆ ಮಾತುಕತೆಯ ಬಲವಿದೆ. ಹಡಗು ಕಂಪನಿ ಮಣಿಯದಿದ್ದರೂ ನಡುವಿನ ಪ್ರವಾಸ ಏಜೆಂಟರು ಒಪ್ಪಬಹುದು. ಕೆಳಗಿನ ಅಂಶಗಳು ಲಿಖಿತವಾಗಿರಬೇಕು.

1. ಹತ್ತುವುದು ಎಷ್ಟು ಗಂಟೆ ತಡವಾದರೆ ಊಟ, ಎಷ್ಟು ತಡವಾದರೆ ಹೋಟೆಲ್ ವಸತಿ, ಅದರ ವೆಚ್ಚ ಯಾರದು.

2. ಯಾನ ಒಂದು ದಿನ ಮೊಟಕಾದರೆ ಅಥವಾ ಒಂದು ಬಂದರನ್ನು ಕೈಬಿಟ್ಟರೆ ಮರಳಿಸುವ ಮೊತ್ತ ಎಷ್ಟು, ಎಷ್ಟು ದಿನಗಳೊಳಗೆ.

3. ಮರುಪಾವತಿ ನಗದಿನಲ್ಲೋ, ಹಡಗಿನೊಳಗಿನ ಖರ್ಚಿಗೆ ಕೊಡುವ ಜಮೆಯಾಗಿಯೋ. ಇಂತಹ ಜಮೆ ಪ್ರಯಾಣಿಕರ ಕೈಸೇರುತ್ತದೆ. ಹಣ ತೆತ್ತ ಸಂಸ್ಥೆಗೆ ಅದರಿಂದ ಏನೂ ಬರುವುದಿಲ್ಲ.

4. ಕೊನೆಯ ಗಳಿಗೆಯಲ್ಲಿ ಒಬ್ಬರ ಬದಲು ಇನ್ನೊಬ್ಬರ ಹೆಸರು ಸೇರಿಸಲು ಗಡುವು ಮತ್ತು ಶುಲ್ಕ.

5. ವಿಳಂಬದ ಸುದ್ದಿಯನ್ನು ಯಾರು, ಯಾವ ದೂರವಾಣಿಗೆ, ಎಷ್ಟು ಹೊತ್ತಿಗೆ ತಿಳಿಸಬೇಕು.

6. ವ್ಯಾಜ್ಯ ಬಂದಲ್ಲಿ ಯಾವ ಊರಿನ ನ್ಯಾಯಾಲಯ.

ಪ್ರವಾಸ ವಿಮೆಯ ಪಾಲಿಸಿಯನ್ನೂ ಇದೇ ದೃಷ್ಟಿಯಿಂದ ಓದಬೇಕು. ವಿಮಾನ ವಿಳಂಬಕ್ಕೆ ಮಾತ್ರ ರಕ್ಷಣೆ ಕೊಡುವ ಪಾಲಿಸಿ ಬಂದರಿನಲ್ಲಿ ನೆರವಿಗೆ ಬಾರದು. ಹಡಗಿನ ವಿಳಂಬ ಸೇರಿದೆಯೇ, ಕನಿಷ್ಠ ಎಷ್ಟು ಗಂಟೆ, ಹಡಗು ತಪ್ಪಿಹೋದರೆ ಏನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಬಳಿಕವೇ ಕಂತು ಕಟ್ಟುವುದು ಲೇಸು.

ಹಿಂದಿನ ರಾತ್ರಿಯ ಲೆಕ್ಕ

ಹಡಗು ಪ್ರಯಾಣಿಕರನ್ನು ಕಾಯಿಸಬಹುದು. ಪ್ರಯಾಣಿಕರು ಹಡಗನ್ನು ಕಾಯಿಸುವಂತಿಲ್ಲ. ಅಮೆರಿಕದ ಬಂದರುಗಳಲ್ಲಿ ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಹೊರಡುವ 60 ನಿಮಿಷ ಮೊದಲೇ ಸರ್ಕಾರಕ್ಕೆ ಸಲ್ಲಿಸಬೇಕು. ಇತರೆಡೆಯೂ ಹೊರಡುವ ಸಮಯಕ್ಕೆ ಗಂಟೆ, ಒಂದೂವರೆ ಗಂಟೆ ಮುಂಚೆಯೇ ಚೆಕ್-ಇನ್ ಮುಗಿಯುವುದು ಸಾಮಾನ್ಯ. ಅದೇ ದಿನ ಬೆಳಗಿನ ವಿಮಾನದಲ್ಲಿ ಬೆಂಗಳೂರು ಬಿಟ್ಟು ಮಧ್ಯಾಹ್ನ ಮುಂಬೈ ಬಂದರು ತಲಪುವ ಯೋಜನೆ ಕಾಗದದ ಮೇಲೆ ಉಳಿತಾಯದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಮೂಡುತ್ತದೆ.

ಉದಾಹರಣೆಗೆ ಅರವತ್ತು ಜನರಿಗೆ ತಲಾ ರೂ. 40,000ದಂತೆ ಯಾನದ ವೆಚ್ಚ ರೂ. 24 ಲಕ್ಷ ಎಂದಿರಲಿ. ಹಿಂದಿನ ದಿನವೇ ಹೋಗಿ ರೂ. 5,000 ಬಾಡಿಗೆಯ 30 ಕೋಣೆಗಳಲ್ಲಿ ತಂಗಿದರೆ ರೂ. 1.50 ಲಕ್ಷ, ಅಂದರೆ ಶೇ. 6.25. ವಿಮಾನ ತಡವಾಗಿ ಹಡಗು ತಪ್ಪಿದರೆ ಇಡೀ 24 ಲಕ್ಷ ಪಣಕ್ಕೆ ಬೀಳುತ್ತದೆ. ಮರಳಿ ಸಿಗುವುದು ಪ್ರಾಯಃ ಏನೂ ಇರುವುದಿಲ್ಲ. ಆ ಒಂದೂವರೆ ಲಕ್ಷವನ್ನು ವಿಮಾ ಕಂತೆಂದೇ ಭಾವಿಸುವುದು ವಿವೇಕ. ಮರಳುವ ದಿನವೂ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಹಡಗು ಬರುವುದೆಂದು ಹನ್ನೊಂದರ ವಿಮಾನ ಕಾಯ್ದಿರಿಸುವುದು ಸಲ್ಲದು.

ಬಂದರಿನಲ್ಲಿ ತಂಡಕ್ಕೊಬ್ಬ ಸಂಯೋಜಕರಿರಬೇಕು. ಎಲ್ಲರ ಗುರುತಿನ ದಾಖಲೆ, ಟಿಕೆಟ್, ಬೋರ್ಡಿಂಗ್ ಪಾಸುಗಳ ಹೆಸರುಗಳನ್ನು ವಾರ ಮೊದಲೇ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಔಷಧಿ, ದಾಖಲೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಲಿ; ಒಪ್ಪಿಸಿದ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಯಾಗಬಹುದು. ತಂಡದಲ್ಲಿ ವೃದ್ಧರು, ಮಧುಮೇಹಿಗಳು, ಚಿಕ್ಕ ಮಕ್ಕಳಿದ್ದರೆ ಮುಂಚಿತವಾಗಿ ತಿಳಿಸಿ ಆಸನ ಮತ್ತು ಆದ್ಯತೆಯ ಸರದಿಯನ್ನು ಕೇಳಿಕೊಳ್ಳಬೇಕು. ನಾಲ್ಕು ಗಂಟೆ ನಿಂತು ಕಾದು ಅಸ್ವಸ್ಥರಾದ ವಿತರಕರೊಬ್ಬರಿಗೆ ಆಮೇಲೆ ಕೊಡುವ ಯಾವ ರಿಯಾಯಿತಿಯೂ ಸಮಾಧಾನ ತರದು.

ವಿಳಂಬವಾದಾಗ ವಾಗ್ವಾದಕ್ಕಿಂತ ದಾಖಲೆ ಮುಖ್ಯ. ಘೋಷಣೆಯಾದ ವೇಳೆ, ಹೇಳಿದ ಕಾರಣ, ಬಂದ ಸಂದೇಶಗಳು, ಊಟ-ವಾಹನಕ್ಕೆ ಕೈಯಿಂದ ಹಾಕಿದ ಹಣದ ರಸೀದಿ, ಇವನ್ನು ಸಂಯೋಜಕರು ಅಲ್ಲಿಯೇ ಕೂಡಿಡಬೇಕು. ಕಂಪನಿಯಿಂದ ವಿಳಂಬದ ಪ್ರಮಾಣಪತ್ರವನ್ನು ಅಂದೇ ಕೇಳಬೇಕು. ವಿಮಾ ಸಂಸ್ಥೆ ಮೊದಲು ಕೇಳುವುದು ಅದನ್ನೇ.

ಲೆಕ್ಕಪುಸ್ತಕದಲ್ಲಿ

ಹಡಗು ಕಂಪನಿಯ ಮೇಲೆ ಬೇಡಿಕೆ ಸಲ್ಲಿಸಿದ ಮಾತ್ರಕ್ಕೆ ಅದನ್ನು ವಸೂಲಿಯಾಗಬೇಕಾದ ಆದಾಯವೆಂದು ಬರೆದುಕೊಳ್ಳುವಂತಿಲ್ಲ. ಲೆಕ್ಕಪತ್ರ ಮಾನಕ 29ರಂತೆ ಸಾಂದರ್ಭಿಕ ಆಸ್ತಿಗೆ ಪುಸ್ತಕದಲ್ಲಿ ಸ್ಥಾನವಿಲ್ಲ. ವಸೂಲಿ ಬಹುತೇಕ ನಿಶ್ಚಿತವಾದಾಗ ಮಾತ್ರ ಅದು ಆಸ್ತಿಯಾಗುತ್ತದೆ. ಹೆಚ್ಚುವರಿಯಾಗಿ ಮಾಡಿದ ವೆಚ್ಚವನ್ನಾದರೋ ಆಗಲೇ ಖರ್ಚು ಹಾಕಬೇಕು. ದರದಲ್ಲಿ ಭಾಗಶಃ ಕಡಿತ ಒಪ್ಪಿದ ಏಜೆಂಟರು ಜಿಎಸ್‌ಟಿ ನಿಯಮದಂತೆ ಕ್ರೆಡಿಟ್ ನೋಟ್ ನೀಡಿದರೆ, ಆ ಬಿಲ್ಲಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆದಿದ್ದಲ್ಲಿ ಅಷ್ಟರಮಟ್ಟಿಗೆ ಹಿಂತಿರುಗಿಸಬೇಕಾಗುತ್ತದೆ.

ದೇಶದಲ್ಲಿ ವಿಹಾರ ಯಾನ ಬೆಳೆಯಬೇಕಾದ ಉದ್ಯಮ. ವಿಳಂಬವಾದಾಗ ಪ್ರಯಾಣಿಕರಿಗೆ ಕನಿಷ್ಠ ಏನು ಸಲ್ಲಬೇಕೆಂಬ ಸ್ಪಷ್ಟ ನಿಯಮ, ವಿಮಾನಯಾನದಲ್ಲಿರುವಂತೆ, ಇಲ್ಲಿಯೂ ರೂಪುಗೊಂಡರೆ ಕಂಪನಿಗಳಿಗೂ ಪ್ರಯಾಣಿಕರಿಗೂ ಒಳಿತು. ವಾಣಿಜ್ಯ ಮಂಡಳಿಗಳು ಈ ಬೇಡಿಕೆಯನ್ನು ಬಂದರು ಸಚಿವಾಲಯದ ಮುಂದಿಡುವುದು ಸೂಕ್ತ. ಅಲ್ಲಿಯವರೆಗೆ, ಯಾನಕ್ಕೆ ಹಣ ಕಟ್ಟುವ ಸಂಸ್ಥೆಗಳು ವಿಳಂಬಕ್ಕೂ ಬಜೆಟ್ಟಿನಲ್ಲಿ ಒಂದು ಸಾಲು ತೆಗೆದಿಡುವುದು, ಕರಾರಿನಲ್ಲಿ ಒಂದು ಷರತ್ತು ಬರೆಸಿಕೊಳ್ಳುವುದು ಅಗತ್ಯ.