ಹೇಗೆ ಮಾಡಿದಿರಿ? ಹಾಗೆಯೇ ಏಕೆ ಮಾಡಿದಿರಿ?

ವಿದ್ಯಾರ್ಥಿಗಳ ವಿಜ್ಞಾನ ಪ್ರಾಜೆಕ್ಟ್ ವರದಿಗಳನ್ನು ತೆರೆದು ನೋಡಿ. ಪೀಠಿಕೆ, ಉದ್ದೇಶ ಮುಗಿದೊಡನೆ ‘ಮೆಥಡಾಲಜಿ’ ಎಂಬ ತಲೆಬರಹ ಬಂದೇ ಬರುತ್ತದೆ. ಅದರ ಕೆಳಗೆ, ‘ಹೊಲದ ಮಣ್ಣು ತಂದೆವು, ನೀರಿನಲ್ಲಿ ಕಲಕಿದೆವು, ಪಿಎಚ್ ಕಾಗದ ಅದ್ದಿ ಬಣ್ಣ ನೋಡಿದೆವು’ ಎಂದಿರುತ್ತದೆ. ಇದು ಮೆಥಡ್, ಅಂದರೆ ವಿಧಾನ. ಮೆಥಡಾಲಜಿ ಬೇರೆ.

ಮೆಥಡ್ ಶಬ್ದದ ಮೂಲ ಗ್ರೀಕ್ ಭಾಷೆ. ಅದರಲ್ಲಿ ‘ದಾರಿ’ ಎಂಬ ಅರ್ಥದ ‘ಹೊಡೊಸ್’ ಅಡಗಿದೆ. ಕೊನೆಯ ‘ಲಜಿ’ಗೆ ವಿಚಾರ, ಶಾಸ್ತ್ರ ಎಂಬ ಅರ್ಥ. ಆದ್ದರಿಂದಲೇ ಕನ್ನಡದಲ್ಲಿ ಮೆಥಡಾಲಜಿಗೆ ‘ವಿಧಾನಶಾಸ್ತ್ರ’ ಎನ್ನುತ್ತೇವೆ. ಹೇಗೆ ಮಾಡಿದಿರಿ ಎಂಬುದಕ್ಕೆ ಉತ್ತರ ವಿಧಾನ. ಹಾಗೆಯೇ ಏಕೆ ಮಾಡಿದಿರಿ, ಬೇರೆ ದಾರಿ ಏಕೆ ಬಿಟ್ಟಿರಿ ಎಂಬುದಕ್ಕೆ ಉತ್ತರ ವಿಧಾನಶಾಸ್ತ್ರ.

ಈ ವ್ಯತ್ಯಾಸ ಬರೀ ಶಬ್ದದ ಜಗಳವಲ್ಲ. ನಮ್ಮ ಮೂಡಲಗಿ, ಗೋಕಾಕ ಭಾಗದ ಹೊಲಗಳನ್ನೇ ನೋಡೋಣ. ಘಟಪ್ರಭಾ ಕಾಲುವೆಯ ನೀರು ಬಂದು ಕಬ್ಬು ಬೆಳೆಯಿತು. ಆದರೆ ನೀರು ಅತಿಯಾಗಿ, ಬಸಿದು ಹೋಗದೆ ನಿಂತಲ್ಲಿ ಕೆಳಗಿನ ಲವಣ ಮೇಲೆ ಬಂದು ಭೂಮಿ ಸವಳಾಗುತ್ತದೆ. ಒಬ್ಬ ವಿದ್ಯಾರ್ಥಿ ಅಂಥ ಮಣ್ಣಿನ ಪಿಎಚ್ ಅಳೆದು, 8 ಬಂತೆಂದು ‘ಇಲ್ಲಿ ಸವಳಿಲ್ಲ’ ಎಂದು ಬರೆದನೆನ್ನಿ. ಅಳತೆ ಸರಿ, ತೀರ್ಮಾನ ತಪ್ಪು. ಪಿಎಚ್ ಹೇಳುವುದು ಆಮ್ಲ-ಕ್ಷಾರ ಗುಣವನ್ನು. ಕರಗಿದ ಲವಣ ಎಷ್ಟೆಂದು ತಿಳಿಯಲು ವಿದ್ಯುತ್ ವಾಹಕತೆಯನ್ನು ಅಳೆಯಬೇಕು. ಪಿಎಚ್ 8.5ಕ್ಕಿಂತ ಕಡಿಮೆ ಇದ್ದೂ ಮಣ್ಣಿನಲ್ಲಿ ಬೆಳೆ ಕೆಡಿಸುವಷ್ಟು ಲವಣ ಇರಬಹುದು.

ಪರಿಹಾರವೂ ಇದರ ಮೇಲೆಯೇ ನಿಂತಿದೆ. ಲವಣ ಹೆಚ್ಚಿದ ಮಣ್ಣಿಗೆ ಬಸಿಗಾಲುವೆ ತೆಗೆದು ಸಿಹಿನೀರಿನಿಂದ ತೊಳೆಯಬೇಕು. ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು. ಪರೀಕ್ಷೆ ತಪ್ಪಿದರೆ ರೈತನ ರೊಕ್ಕ ಮಣ್ಣುಪಾಲು.

ಮಣ್ಣು ತರುವುದರಲ್ಲೂ ಇದೇ ಮಾತು. ತಿಪ್ಪೆಯ ಪಕ್ಕದ, ಬದುವಿನ ಮೇಲಿನ ಮಣ್ಣು ಬೇಡ. ಹೊಲದ ಹಲವು ಕಡೆ ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ಬೆರೆಸಿರಿ ಎನ್ನುತ್ತಾರೆ. ಏಕೆಂದರೆ ಆ ಹಿಡಿಮಣ್ಣು ಇಡೀ ಹೊಲದ ಪರವಾಗಿ ಮಾತಾಡಬೇಕು. ಈ ಕಾರಣವನ್ನು ಬರೆದಾಗ ವಿಧಾನಶಾಸ್ತ್ರ ಆರಂಭವಾಗುತ್ತದೆ.

ವಿದ್ಯಾರ್ಥಿಗಳೇ, ಮಾಡಿದ ಕ್ರಮವನ್ನಷ್ಟೇ ಬರೆದಿದ್ದರೆ ‘ವಿಧಾನ’ ಎಂಬ ತಲೆಬರಹವೇ ಸಾಕು. ದೊಡ್ಡ ಶಬ್ದದಿಂದ ಅಂಕ ಹೆಚ್ಚುವುದಿಲ್ಲ. ಪಾಲಕರೇ, ಪ್ರಾಜೆಕ್ಟಿನ ಚಾರ್ಟ್ ಅಂದವಾಗಿದೆಯೇ ಎಂದು ನೋಡುವ ಮೊದಲು, ‘ಹೀಗೇ ಯಾಕೆ ಮಾಡಿದಿ?’ ಎಂದು ಮಗುವನ್ನು ಕೇಳಿರಿ. ತಡವರಿಸಿದರೂ ಚಿಂತೆಯಿಲ್ಲ. ಉತ್ತರ ಹುಡುಕಲು ಮತ್ತೆ ಹೊಲಕ್ಕೆ ಹೋದರೆ ಆ ಪ್ರಾಜೆಕ್ಟ್ ಸಾರ್ಥಕ.