ಸುದ್ದಿಯ ನಿರ್ಮಾಣದಲ್ಲಿ ಜನಸಾಮಾನ್ಯರು: ಸಾಕ್ಷ್ಯ ಮತ್ತು ಪರಿಶೀಲನೆ

ಪತ್ರಿಕೋದ್ಯಮವು ವೃತ್ತಿಯಾಗಿ ರೂಪುಗೊಂಡಂತೆ ಸುದ್ದಿಯನ್ನು ನೀಡುವವರು ಮತ್ತು ಪಡೆಯುವವರು ಎಂಬ ಎರಡು ವರ್ಗಗಳು ಏರ್ಪಟ್ಟವು. ಓದುಗರಿಗೆ ಉಳಿದ ಅವಕಾಶ ಬಹುಮಟ್ಟಿಗೆ ವಾಚಕರ ಪತ್ರಗಳ ಅಂಕಣವಷ್ಟೇ. ಅಂತರ್ಜಾಲ ಮತ್ತು ಮೊಬೈಲ್ ದೂರವಾಣಿಗಳು ಈ ಗೆರೆಯನ್ನು ಮಸುಕಾಗಿಸಿದವು. ‘ನಾಗರಿಕ ಪತ್ರಿಕೋದ್ಯಮ’ವೆಂದು ಕರೆಯಲಾಗುವ ಈ ಬೆಳವಣಿಗೆಯಲ್ಲಿ, ಸಾಧನ ಕೈಗೆ ಬಂದ ಮಾತ್ರಕ್ಕೆ ಹೇಳಿದ್ದೆಲ್ಲವೂ ಸುದ್ದಿಯಾಗುವುದೇ ಎಂಬುದು ವಿಚಾರಾರ್ಹ ಪ್ರಶ್ನೆ.

ದಕ್ಷಿಣ ಕೊರಿಯಾದಲ್ಲಿ ಓ ಯೋನ್-ಹೋ ಅವರು 2000ದ ಫೆಬ್ರವರಿಯಲ್ಲಿ ‘ಓಮೈನ್ಯೂಸ್’ ಅಂತರ್ಜಾಲ ಪತ್ರಿಕೆಯನ್ನು 727 ನಾಗರಿಕ ವರದಿಗಾರರೊಡನೆ ಆರಂಭಿಸಿದರು. ಪ್ರತಿಯೊಬ್ಬ ನಾಗರಿಕನೂ ವರದಿಗಾರನೆಂಬುದು ಅದರ ಘೋಷವಾಕ್ಯವಾಗಿತ್ತು. ಹಾಗಿದ್ದೂ ನಾಗರಿಕರ ಬರಹಗಳು ವೃತ್ತಿನಿರತ ಸಂಪಾದಕರ ಕೈದಾಟಿ ಬರುತ್ತಿದ್ದವು. 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾದಾಗ ಬಿಬಿಸಿಗೆ ಕೆಲವೇ ಗಂಟೆಗಳಲ್ಲಿ ಸಾರ್ವಜನಿಕರಿಂದ ಸಾವಿರಕ್ಕೂ ಮಿಗಿಲಾದ ಛಾಯಾಚಿತ್ರಗಳು ಬಂದವು. ಸುರಂಗದೊಳಗಿನ ದೃಶ್ಯವನ್ನು ಪ್ರಯಾಣಿಕರಲ್ಲದೆ ಬೇರೆ ಯಾರೂ ಸೆರೆಹಿಡಿಯುವಂತಿರಲಿಲ್ಲ. ಆದರೆ ಬಂದ ಚಿತ್ರಗಳಲ್ಲಿ ಯಾವುದು ನಂಬಲರ್ಹವೆಂದು ನಿರ್ಧರಿಸುವ ಹೊಣೆ ಸುದ್ದಿಮನೆಯದೇ ಆಗಿತ್ತು.

ಭಾರತದ ಸಂದರ್ಭದಲ್ಲಿ 2010ರಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಅವರು ಛತ್ತೀಸಗಢದ ಜನರಿಗಾಗಿ ಆರಂಭಿಸಿದ ‘ಸಿಜಿನೆಟ್ ಸ್ವರ’ ಗಮನಾರ್ಹ. ಇದರ ತಾಂತ್ರಿಕ ವ್ಯವಸ್ಥೆಯನ್ನು ರೂಪಿಸುವಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಪಾತ್ರವಿತ್ತು. ಅಕ್ಷರ ಬಲ್ಲವರಾಗಲಿ, ಅಂತರ್ಜಾಲವಾಗಲಿ ಇಲ್ಲದ ಹಳ್ಳಿಯಿಂದಲೂ ಸಾಧಾರಣ ಮೊಬೈಲಿನ ಮೂಲಕ ತಮ್ಮ ಮಾತನ್ನು ದಾಖಲಿಸಬಹುದಿತ್ತು. ಬೇರೆಯವರ ಮಾತನ್ನು ಕೇಳಬಹುದಿತ್ತು. ಮುಖ್ಯವಾಹಿನಿಯ ಮಾಧ್ಯಮಗಳಲ್ಲಿ ಅಪರೂಪವಾದ ಗೋಂಡಿ ಭಾಷೆಗೂ ಇಲ್ಲಿ ಸ್ಥಾನ ದೊರೆಯಿತು. ದಾಖಲಾದ ಸಂದೇಶವನ್ನು ಪರಿಶೀಲಿಸಿದ ಬಳಿಕವೇ ಪ್ರಸಾರ ಮಾಡುವ ಕ್ರಮವಿತ್ತು. ಸಂಬಂಧಪಟ್ಟ ಅಧಿಕಾರಿಯ ದೂರವಾಣಿ ಸಂಖ್ಯೆಯನ್ನು ಹೇಳಿ, ಕೇಳುಗರು ಅವರನ್ನು ವಿಚಾರಿಸುವಂತೆ ಕೋರುವ ಪದ್ಧತಿಯೂ ಬೆಳೆಯಿತು. ಕೂಲಿ ಬಾಕಿ, ಪಡಿತರ, ಕುಡಿಯುವ ನೀರಿನಂತಹ ದೂರುಗಳು ಹೀಗೆ ಸಾರ್ವಜನಿಕ ವಿಷಯಗಳಾದವು.

ಪರಿಶೀಲನೆಯ ಹಂತವೇ ಇಲ್ಲವಾದಾಗ ಅದೇ ಸಾಧನ ಎಂತಹ ಅನಾಹುತಕ್ಕೆ ಎಡೆಮಾಡಬಲ್ಲದೆಂಬುದಕ್ಕೆ ನಮ್ಮ ಬೀದರ್ ಜಿಲ್ಲೆಯೇ ನಿದರ್ಶನ ಒದಗಿಸಿತು. 2018ರ ಜುಲೈನಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಸಾರುವ ವಾಟ್ಸ್‌ಆ್ಯಪ್ ಸಂದೇಶ ಹಬ್ಬಿತು. ಮುರ್ಕಿ ಗ್ರಾಮದ ಬಳಿ ಗುಂಪು ನಡೆಸಿದ ಹಲ್ಲೆಯಲ್ಲಿ ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಆತನ ಸಂಗಡಿಗರು ಗಾಯಗೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ 5ಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ವಿಧಿಸುವುದಾಗಿ ಪ್ರಕಟಿಸಿತು. ಈ ಕ್ರಮ ಹರಡುವಿಕೆಯ ವೇಗವನ್ನು ತಗ್ಗಿಸಬಹುದೇ ಹೊರತು ಸುಳ್ಳನ್ನು ಸತ್ಯದಿಂದ ಬೇರ್ಪಡಿಸಲಾರದು.

ಛತ್ತೀಸಗಢದಲ್ಲಿಯೂ ಬೀದರಿನಲ್ಲಿಯೂ ಬಳಕೆಯಾದದ್ದು ಮೊಬೈಲೇ. ಒಂದೆಡೆ ಹೇಳಿದವರನ್ನು ಮರಳಿ ವಿಚಾರಿಸುವವರಿದ್ದರು, ಇನ್ನೊಂದೆಡೆ ಇರಲಿಲ್ಲ. ಆದ್ದರಿಂದ ಜನಸಾಮಾನ್ಯರ ಪಾತ್ರವನ್ನು ವರದಿಗಾರನ ಸ್ಥಾನಕ್ಕೆ ಬದಲಿಯೆಂದು ಭಾವಿಸುವುದಕ್ಕಿಂತ ಸಾಕ್ಷಿಯ ಸ್ಥಾನವೆಂದು ಗ್ರಹಿಸುವುದು ಹೆಚ್ಚು ಸಮಂಜಸ. ಸಾಕ್ಷ್ಯವಿಲ್ಲದೆ ಸುದ್ದಿ ಪೂರ್ಣವಾಗದು. ಪರಿಶೀಲನೆಯಿಲ್ಲದೆ ಸಾಕ್ಷ್ಯವು ಸುದ್ದಿಯಾಗದು. ವರದಿಗಾರರನ್ನು ಕಡಿಮೆ ಮಾಡಿ ಓದುಗರ ಚಿತ್ರಗಳಿಂದ ಪುಟ ತುಂಬಿಸುವ ಮಾಧ್ಯಮ ಸಂಸ್ಥೆಯು ಈ ಎರಡನೆಯ ಹೊಣೆಯಿಂದ ನುಣುಚಿಕೊಳ್ಳುತ್ತದೆ. ಅದರ ಬೆಲೆಯನ್ನು ತೆರಬೇಕಾದವರು ಮತ್ತೆ ಜನಸಾಮಾನ್ಯರೇ.