ಸ್ಪೋರ್ಟ್ಸ್ ಕಾರಿನ ಗಾಜಿಗೆ ಕಲ್ಲು ಬಿದ್ದರೆ: ರಿಪೇರಿ ಸಾಕೋ, ಹೊಸ ಗಾಜೇ ಬೇಕೋ?

ವಾದಿ ಅದಾಯ್ (ಮಸ್ಕತ್): ಅಮೆರಾತ್ ಕಡೆಯಿಂದ ಬೆಳಿಗ್ಗೆ ಮಸ್ಕತ್ತಿಗೆ ಕೆಲಸಕ್ಕೆ ಬರುವ ನಮ್ಮ ಕನ್ನಡಿಗರಿಗೆ ಈ ಸದ್ದು ಹೊಸದಲ್ಲ. ಮುಂದೆ ಜಲ್ಲಿ ಹೇರಿದ ಟಿಪ್ಪರ್, ಹಿಂದೆ ಹಾರ್ನ್ ಹೊಡೆಯುವ ಲ್ಯಾಂಡ್ ಕ್ರೂಸರ್, ನಡುವೆ ನಾವು. ಎಲ್ಲಿಂದಲೋ ಒಂದು ಪುಟ್ಟ ಕಲ್ಲು ಹಾರಿ ಬಂದು ಮುಂದಿನ ಗಾಜಿಗೆ "ಟಕ್" ಎನ್ನುತ್ತದೆ. ನೋಡಿದರೆ ಕಡಲೆಕಾಳಿನಷ್ಟು ಒಂದು ಚುಕ್ಕೆ. ಅಷ್ಟಕ್ಕೇ ಯಾರು ಗ್ಯಾರೇಜಿಗೆ ಓಡುತ್ತಾರೆ?

ನಮ್ಮ ಬಳಗದ ಒಬ್ಬ ಯುವಕರೂ ಓಡಲಿಲ್ಲ. ಬಹಳ ವರ್ಷ ದುಡ್ಡು ಕೂಡಿಟ್ಟು ಕೊಂಡ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಅವರದು. ವಾದಿ ಅದಾಯ್ ಬಳಿ ಗಾಜಿಗೆ ಕಲ್ಲು ಬಿತ್ತು. "ಎಂತ ಮಾರಾಯ, ಒಂದು ಚುಕ್ಕೆ ಅಷ್ಟೇ ಅಲ್ವಾ, ಸಲಾಲಾ ಹೋಗಿ ಬಂದ ಮೇಲೆ ನೋಡುವ" ಎಂದು ಗೆಳೆಯರೂ ಧೈರ್ಯ ಹೇಳಿದರು. ಖರೀಫ್ ನೋಡಲು ಗಂಡ ಹೆಂಡತಿ ಇಬ್ಬರೂ ಹೊರಟರು. ಮಸ್ಕತ್ತಿನಿಂದ ಸಲಾಲಾಕ್ಕೆ ಸುಮಾರು 1000 ಕಿ.ಮೀ. ನಡುದಾರಿಯ ಹೈಮಾದಲ್ಲಿ ಊಟಕ್ಕೆ ನಿಲ್ಲಿಸಿ, ಒಂದು ಗಂಟೆ ಬಿಸಿಲಲ್ಲಿ ಬೆಂದ ಕಾರಿಗೆ ಮರಳಿ, ಎ.ಸಿ.ಯನ್ನು ಪೂರ್ತಿ ತಿರುಗಿಸಿ ಗಾಜಿನ ಕಡೆಗೇ ಗಾಳಿ ಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಆ ಚುಕ್ಕೆಯಿಂದ ಒಂದು ಗೆರೆ ಹೊರಟು, ನೋಡನೋಡುತ್ತಿದ್ದಂತೆ ಸ್ಟಿಯರಿಂಗ್ ಎದುರಿಗೇ ಬಂದು ನಿಂತಿತು. ಸಂಜೆಯ ಬಿಸಿಲು ಆ ಗೆರೆಗೆ ಬಿದ್ದಾಗ ಎದುರಿನ ರಸ್ತೆಯೇ ಮಾಯ. ರಸ್ತೆ ದಾಟುತ್ತಿದ್ದ ಒಂಟೆಯನ್ನು ಮೊದಲು ಕಂಡವರು ಅವರಲ್ಲ, ಪಕ್ಕದಲ್ಲಿದ್ದ ಹೆಂಡತಿ. ಅವರು ಕೂಗಿದ್ದರಿಂದ ಬ್ರೇಕ್ ಬಿತ್ತು, ಜೀವ ಉಳಿಯಿತು.

ಈ ಕಥೆ ಕೇಳಿದ ಮೇಲೆ, ಗಾಜಿನ ವಿಷಯ ತಿಳಿದಷ್ಟನ್ನು ಎಲ್ಲರಿಗೂ ಹೇಳೋಣ ಎನಿಸಿತು. ಸ್ಪೋರ್ಟ್ಸ್ ಕಾರು ಇಲ್ಲದವರೂ ಓದಬಹುದು. ಗಾಜಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ!

ಇಲ್ಲಿ ಕಲ್ಲು ಎಲ್ಲಿಂದ ಬರುತ್ತದೆ?

ಅರಬ್ಬಿಯಲ್ಲಿ ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ವಾದಿ ಅದಾಯ್ ಹಳ್ಳ ಅಮೆರಾತ್‌ನ ಬಟ್ಟಲಿನಂಥ ಬಯಲಿನಿಂದ ಹೊರಟು, ಬೆಟ್ಟದ ಕಣಿವೆಯಲ್ಲಿ ನುಸುಳಿ, ಕುರುಮ್ ಕಡೆಗೆ ಸಮುದ್ರ ಸೇರುತ್ತದೆ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ಈ ಹಳ್ಳ ಏನು ಮಾಡಿತು ಎಂಬುದು ಹಳಬರಿಗೆ ನೆನಪಿದೆ. ಅಂಥ ದೊಡ್ಡ ಮಳೆಯೇ ಬೇಕಿಲ್ಲ. ಸಣ್ಣ ಮಳೆಗೂ ಹಳ್ಳ ಹರಿದರೆ ರಸ್ತೆಯ ಮೇಲೆ ಮರಳು, ಜಲ್ಲಿ ಉಳಿಯುತ್ತದೆ. ಅದರ ಮೇಲೆ ಲಾರಿಗಳ ಓಡಾಟ. ಲಾರಿಯಿಂದ ಉದುರುವ ಕಲ್ಲಿಗಿಂತ ಟಯರ್ ಎತ್ತಿ ಎಸೆಯುವ ಕಲ್ಲೇ ಹೆಚ್ಚು.

ಪೆಟ್ಟಿನ ಜೋರು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗವನ್ನು 120ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಶೇ. 20, ಆದರೆ ಅದೇ ಕಲ್ಲಿನ ಪೆಟ್ಟಿನ ಶಕ್ತಿ ಹೆಚ್ಚುವುದು ಶೇ. 44! ಮುಂದಿನ ಗಾಡಿಯಿಂದ ದೂರ ಇರುವುದು, ಟಿಪ್ಪರಿನ ಹಿಂದೆ ಅಂಟಿಕೊಳ್ಳದಿರುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಒಂದು ಗಾಜಲ್ಲ, ಎರಡು

ಕಾರಿನ ಮುಂದಿನ ಗಾಜು ನೋಡಲು ಒಂದೇ ಕಂಡರೂ ಅದು ಎರಡು ಗಾಜುಗಳ ನಡುವೆ ಪಿವಿಬಿ ಎಂಬ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿದ ಸ್ಯಾಂಡ್‌ವಿಚ್. ಇದಕ್ಕೆ ಲ್ಯಾಮಿನೇಟೆಡ್ ಗಾಜು ಎನ್ನುತ್ತಾರೆ. ಇದರ ಮೂಲದ ಕಥೆ ಸ್ವಾರಸ್ಯವಾಗಿದೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಅವರ ಪ್ರಯೋಗಾಲಯದಲ್ಲಿ ಒಂದು ಗಾಜಿನ ಶೀಶೆ ಕೆಳಗೆ ಬಿದ್ದಿತು. ಒಡೆಯಿತು, ಆದರೆ ಚೂರಾಗಿ ಚೆಲ್ಲಲಿಲ್ಲ. ಒಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. ಇಂದು ಕಲ್ಲು ಬಿದ್ದರೂ ನಮ್ಮ ಕಣ್ಣಿಗೆ ಗಾಜಿನ ಚೂರು ಹಾರದಿರುವುದು ಆ ಶೀಶೆಯ ಪುಣ್ಯ.

ಬದಿಯ ಬಾಗಿಲುಗಳದ್ದು ಸಾಮಾನ್ಯವಾಗಿ ಟಫನ್ಡ್ ಗಾಜು. ಅದು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಪುಡಿ. ಅದಕ್ಕೆ ರಿಪೇರಿ ಎಂಬುದಿಲ್ಲ, ಬದಲಾಯಿಸುವುದೇ. ರಿಪೇರಿಯ ಮಾತೇನಿದ್ದರೂ ಮುಂದಿನ ಗಾಜಿಗೆ, ಅದೂ ಹೊರಗಿನ ಪದರಕ್ಕೆ ಮಾತ್ರ ಪೆಟ್ಟಾಗಿದ್ದಾಗ.

ಬಿಸಿಲು ಮತ್ತು ಎ.ಸಿ.ಯ ಜಗಳ

ಒಮಾನ್ ಬಿಸಿಲನ್ನು ನಿಮಗೆ ವಿವರಿಸಬೇಕಿಲ್ಲ. ಅಮೆರಾತ್ ದಾಟಿ ಮುಂದೆ ಸಿಗುವ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು 24 ಗಂಟೆಗಳಲ್ಲಿ ಒಮ್ಮೆಯೂ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ರಾತ್ರಿಯೂ ಸೇರಿ! ಬಿಸಿಲಲ್ಲಿ ನಿಂತ ಕಾರಿನ ಗಾಜು ಇದಕ್ಕಿಂತಲೂ ಎಷ್ಟೋ ಹೆಚ್ಚು ಕಾಯುತ್ತದೆ.

ಗಾಜು ಶಾಖವನ್ನು ಬೇಗ ಹಂಚುವುದಿಲ್ಲ. ಎ.ಸಿ.ಯ ಗಾಳಿ ಬಡಿದ ಜಾಗ ತಣ್ಣಗಾಗಿ ಕುಗ್ಗಲು ನೋಡುತ್ತದೆ, ಸುತ್ತಲಿನ ಬಿಸಿ ಭಾಗ ಬಿಡುವುದಿಲ್ಲ. ಈ ಎಳೆದಾಟವನ್ನು ಗಟ್ಟಿ ಗಾಜು ತಡೆಯುತ್ತದೆ. ಆದರೆ ಚುಕ್ಕೆ ಬಿದ್ದ ಗಾಜಿನಲ್ಲಿ ಎಳೆತವೆಲ್ಲ ಆ ಚುಕ್ಕೆಯ ಸೂಜಿಮೊನೆಯಂಥ ತುದಿಗೆ ಬಂದು ಸೇರುತ್ತದೆ. ಬಟ್ಟೆ ಹರಿಯುವಾಗ ಮೊದಲು ಕತ್ತರಿಯಿಂದ ಸಣ್ಣ ಸೀಳು ಕೊಡುತ್ತೇವಲ್ಲ, ಹಾಗೆಯೇ. ಹೈಮಾದಲ್ಲಿ ಆದದ್ದು ಇದೇ. ಕಾದ ಗಾಜಿಗೆ ತಣ್ಣೀರು ಸುರಿದರೂ ಇದೇ ಗತಿ.

ಕಲ್ಲು ಬಿದ್ದ ದಿನ ಮಾಡಬೇಕಾದದ್ದು

ಮೊದಲು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಚುಕ್ಕೆಯನ್ನು ಬೆರಳಿನಿಂದ ಉಜ್ಜಬೇಡಿ. ಒಣಗಿದ್ದಾಗಲೇ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಧೂಳು, ನೀರು, ಸೋಪು ಒಳಗೆ ಹೋದರೆ ನಂತರ ರಿಪೇರಿ ಚೆನ್ನಾಗಿ ಕೂರುವುದಿಲ್ಲ. ಅಲ್ಲಿಯವರೆಗೆ ಕಾರು ತೊಳೆಸಬೇಡಿ. ನೆರಳಲ್ಲಿ ನಿಲ್ಲಿಸಿ, ಎ.ಸಿ.ಯನ್ನು ಮೆಲ್ಲಗೆ ಏರಿಸಿ, ಗಾಳಿಯನ್ನು ಗಾಜಿಗಲ್ಲ, ಮುಖಕ್ಕೆ ತಿರುಗಿಸಿ. ಕಿಟಕಿಗಳೆಲ್ಲ ಮುಚ್ಚಿರುವಾಗ ಬಾಗಿಲನ್ನು ಧಡಾರನೆ ಹಾಕಬೇಡಿ. ಒಳಗಿನ ಗಾಳಿಯ ಒತ್ತಡವೂ ಗಾಜನ್ನು ನೂಕುತ್ತದೆ.

ಇನ್ನೊಂದು ಮಾತು. ಊರಿನ ಅಭ್ಯಾಸದಂತೆ ಫೆವಿಕ್ವಿಕ್, ನೈಲ್ ಪಾಲಿಶ್, ಟೂತ್‌ಪೇಸ್ಟ್ ತುಂಬುವ ಸಾಹಸ ಬೇಡ. ಅವು ಒಳಗೆ ಗಟ್ಟಿಯಾಗಿ ಕುಳಿತರೆ ಸರಿಯಾದ ರೆಸಿನ್‌ಗೆ ದಾರಿಯೇ ಇರುವುದಿಲ್ಲ.

ರಿಪೇರಿ ಸಾಕೇ?

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ದೊಡ್ಡದು? ಎಲ್ಲಿದೆ? ಎಷ್ಟು ಆಳ? ಎಷ್ಟು ಹಳೆಯದು?

ಗುಂಡಗಿನ ಚುಕ್ಕೆ, ಅರ್ಧಚಂದ್ರ, ಚಿಕ್ಕ ನಕ್ಷತ್ರದಂಥ ಒಡಕು ಇವು ರಿಪೇರಿಗೆ ಒಲಿಯುತ್ತವೆ. ಗಾಜಿನ ಅಂಚು ಮುಟ್ಟಿದ ಸೀಳು ಒಲಿಯುವುದಿಲ್ಲ, ಏಕೆಂದರೆ ಅಂಚೇ ಗಾಜಿನ ದುರ್ಬಲ ಜಾಗ. ಒಳಗಿನಿಂದ ಬೆರಳಾಡಿಸಿದಾಗ ಗೀರು ತಾಗಿದರೆ ಒಳಪದರವೂ ಒಡೆದಿದೆ ಎಂದರ್ಥ. ಅಲ್ಲಿಗೆ ಹೊಸ ಗಾಜೇ.

ಜಾಗದ ಲೆಕ್ಕಕ್ಕೆ ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯ ನಿಯಮವನ್ನು ಒಂದು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಸ್ಟಿಯರಿಂಗ್‌ನ ನೇರಕ್ಕೆ 290 ಮಿ.ಮೀ. ಅಗಲದ ಪಟ್ಟಿಯಲ್ಲಿ 10 ಮಿ.ಮೀ.ಗಿಂತ ದೊಡ್ಡ ಹಾನಿ ಇದ್ದರೆ ಅಲ್ಲಿ ಕಾರು ಫೇಲ್. ವೈಪರ್ ಒರೆಸುವ ಉಳಿದ ಭಾಗದಲ್ಲಿ 40 ಮಿ.ಮೀ. ತನಕ ವಿನಾಯಿತಿ. ಕಾರಣ ಸರಳ: ರಿಪೇರಿ ಆದ ಮೇಲೂ ಒಂದು ಮಸುಕು ಕಲೆ ಉಳಿಯುತ್ತದೆ. ಅದು ಮೂಲೆಯಲ್ಲಿದ್ದರೆ ತೊಂದರೆಯಿಲ್ಲ. ಕಣ್ಣೆದುರಿಗಿದ್ದರೆ ರಾತ್ರಿ ಎದುರಿನ ಲೈಟು ಬಿದ್ದಾಗ ಹೊಳೆಯುತ್ತದೆ.

ರಿಪೇರಿ ಹೇಗೆ ಮಾಡುತ್ತಾರೆ?

ಚುಕ್ಕೆಯ ಮೇಲೆ ಒಂದು ಚಿಕ್ಕ ಉಪಕರಣ ಕೂರಿಸಿ, ಒಡಕಿನ ಒಳಗಿನ ಗಾಳಿಯನ್ನು ಹೀರಿ ತೆಗೆದು, ಅದೇ ಜಾಗಕ್ಕೆ ತೆಳುವಾದ ರೆಸಿನ್ ಒತ್ತುತ್ತಾರೆ. ಒಡಕು ನಮಗೆ ಬೆಳ್ಳಗೆ ಕಾಣುವುದು ಒಳಗಿನ ಗಾಳಿಯಿಂದ. ಈ ರೆಸಿನ್ ಬೆಳಕನ್ನು ಸರಿಸುಮಾರು ಗಾಜಿನಂತೆಯೇ ಬಾಗಿಸುವುದರಿಂದ ಅದು ತುಂಬಿದಲ್ಲಿ ಒಡಕು ಕಣ್ಮರೆಯಾಗುತ್ತದೆ. ಕೊನೆಗೆ ಅತಿನೇರಳೆ ಕಿರಣದ ದೀಪ ಹಿಡಿದು ಗಟ್ಟಿ ಮಾಡಿ, ಬ್ಲೇಡಿನಿಂದ ಹೆರೆದು, ಪಾಲಿಶ್ ಮಾಡುತ್ತಾರೆ. ಎಲ್ಲ ಸೇರಿ ಅರ್ಧ ಗಂಟೆ ಮುಕ್ಕಾಲು ಗಂಟೆಯ ಕೆಲಸ.

ನಮ್ಮ ಊರಿನ ಬಿಸಿಲಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಬಿಸಿಲಲ್ಲೂ ಅತಿನೇರಳೆ ಕಿರಣ ಇರುವುದರಿಂದ, ಬಯಲಲ್ಲಿ ಮಾಡಿದರೆ ರೆಸಿನ್ ಒಡಕಿನ ತುದಿ ತಲುಪುವ ಮೊದಲೇ ಗಟ್ಟಿಯಾಗಬಹುದು. ಕಾದ ಗಾಜಿಗೆ ಒತ್ತಡ ಕೊಟ್ಟರೆ ಸೀಳು ಬೆಳೆಯಲೂಬಹುದು. ಆದ್ದರಿಂದ ನೆರಳಲ್ಲಿ, ಗಾಜು ತಾನಾಗಿ ತಣಿದ ಮೇಲೆ ಮಾಡುವವರ ಬಳಿಗೇ ಹೋಗಿ. ಪಾರ್ಕಿಂಗ್ ಜಾಗದಲ್ಲಿ ನಡುಮಧ್ಯಾಹ್ನ "ಐದೇ ನಿಮಿಷ ಸಾರ್" ಎಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಹೊಸ ಗಾಜಿನಲ್ಲಿ ಅಂಟೇ ಜೀವಾಳ

ಹೊಸ ಗಾಜು ಹಾಕಿಸುವಾಗ ನಾವೆಲ್ಲ ಗಾಜಿನ ಬೆಲೆ ಚೌಕಾಸಿ ಮಾಡುತ್ತೇವೆ, ಅಂಟಿನ ಬಗ್ಗೆ ಕೇಳುವುದೇ ಇಲ್ಲ. ಕಾರು ಮಗುಚಿದರೆ ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಮುಂದಿನ ಗಾಜಿಗೂ ಪಾಲಿದೆ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿಕೊಂಡೇ ಕೂತವರ ಕಡೆ ತಿರುಗುತ್ತದೆ. ಅಂಟು ಹಸಿಯಿದ್ದರೆ ಗಾಜೇ ಹೊರಗೆ ಹಾರುತ್ತದೆ, ಏರ್‌ಬ್ಯಾಗ್ ಅದರ ಹಿಂದೆಯೇ! ಪಕ್ಕದ ಸೀಟಿನಲ್ಲಿ ಕೂರುವವರು ಯಾರು ಎಂದು ಒಮ್ಮೆ ನೆನೆದುಕೊಳ್ಳಿ.

ಇದಕ್ಕೆ ಬಳಸಬೇಕಾದದ್ದು ಪಾಲಿಯುರೆಥೇನ್ ಅಂಟು. ಸಾಮಾನ್ಯ ಸಿಲಿಕೋನ್ ಅಲ್ಲ. ಹಳೆಯ ಗಾಜು ಕತ್ತರಿಸಿ ತೆಗೆದಾಗ ಚೌಕಟ್ಟಿನ ಬಣ್ಣಕ್ಕೆ ಗೀರು ಬಿದ್ದರೆ ಅಲ್ಲೇ ಪ್ರೈಮರ್ ಹಚ್ಚಬೇಕು. ಇಲ್ಲವಾದರೆ ನಮ್ಮ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಮುಂದೊಂದು ದಿನ ಅಂಟೇ ಎದ್ದು ಬರುತ್ತದೆ. ಈ ಅಂಟು ಗಾಳಿಯ ತೇವಾಂಶದಿಂದ ಗಟ್ಟಿಯಾಗುವಂಥದು. ಹಾಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದು ಅಂಟಿನ ಬಗೆ, ಬಿಸಿ, ತೇವ ಎಲ್ಲದರ ಮೇಲೆ ನಿಂತಿದೆ. ಕೆಲವಕ್ಕೆ ಒಂದು ಗಂಟೆ ಸಾಕು, ಕೆಲವಕ್ಕೆ ಅರ್ಧ ದಿನವೂ ಬೇಕು. "ಈ ಅಂಟು ಹಾಕಿದ ಮೇಲೆ ಎಷ್ಟು ಗಂಟೆ ಗಾಡಿ ಓಡಿಸಬಾರದು?" ಎಂದು ಕೇಳಿ. ಡಬ್ಬಿ ನೋಡಿ ಉತ್ತರ ಹೇಳುವವರು ಕೆಲಸ ಬಲ್ಲವರು. ಮೊದಲ ಒಂದೆರಡು ದಿನ ಒಂದು ಕಿಟಕಿಯನ್ನು ಬೆರಳಿನಷ್ಟು ತೆರೆದಿಡಿ, ಜೋರು ನೀರಿನಿಂದ ತೊಳೆಸಬೇಡಿ.

ಸ್ಪೋರ್ಟ್ಸ್ ಕಾರಿಗೆ ಏನು ವಿಶೇಷ?

ಒಂದು, ಅದರ ಗಾಜು ಬಹಳ ಓರೆಯಾಗಿ ಮಲಗಿರುತ್ತದೆ. ಓರೆಯಿಂದ ನೋಡಿದಾಗ ಗಾಜಿನ ಚಿಕ್ಕ ದೋಷವೂ ರಸ್ತೆಯನ್ನು ಅಲುಗಿದಂತೆ ತೋರಿಸುತ್ತದೆ. ಅಗ್ಗದ ಗಾಜಿನ ಗುಣ ಇಲ್ಲೇ ಬಯಲಾಗುವುದು. ಎರಡು, ಕಾರೇ ತಗ್ಗು, ಟಯರ್ ಎಸೆಯುವ ಕಲ್ಲಿಗೆ ಹತ್ತಿರ. ಮೂರು, ಸಸ್ಪೆನ್ಷನ್ ಬಿಗಿ, ಹಾಗಾಗಿ ಸ್ಪೀಡ್ ಬ್ರೇಕರಿನ ಕುಲುಕು ನೇರ ಬಾಡಿಗೇ, ಅಲ್ಲಿಂದ ಗಾಜಿಗೆ. ಛಾವಣಿ ಮಡಚುವ ಕಾರಾದರೆ ಗಾಜಿನ ಚೌಕಟ್ಟಿನ ಮೇಲೆ ಇನ್ನೂ ಹೆಚ್ಚಿನ ಹೊಣೆ.

ನಾಲ್ಕು, ಒಂದೇ ಮಾದರಿಗೆ ಹಲವು ಗಾಜುಗಳಿರುತ್ತವೆ. ಮಳೆ ಸೆನ್ಸರ್ ಇರುವುದು, ಸದ್ದು ತಡೆಯುವುದು, ವೇಗವನ್ನು ಗಾಜಿನ ಮೇಲೇ ತೋರಿಸುವುದು. ಈ ಕೊನೆಯದರ ಒಳಗಿನ ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದರ ಬದಲು ಸಾದಾ ಗಾಜು ಹಾಕಿದರೆ ಅಂಕಿಗಳು ಎರಡೆರಡಾಗಿ ಕಾಣುತ್ತವೆ. ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇಲ್ಲಿನ ಗಾಜು ಹೊಂದದೆಯೂ ಇರಬಹುದು. ಛಾಸಿ ನಂಬರ್ ಕೊಟ್ಟೇ ಗಾಜು ತರಿಸಿ. ಗಾಜಿನ ಹಿಂದೆ ಕ್ಯಾಮೆರಾ ಇದ್ದರೆ, ಹೊಸ ಗಾಜಿನ ನಂತರ ಅದನ್ನು ಮರುಹೊಂದಿಸಲೇಬೇಕು. ಇಲ್ಲದಿದ್ದರೆ ತಾನಾಗಿ ಬ್ರೇಕ್ ಹಾಕುವ ಕಾರು ತಪ್ಪು ಜಾಗದಲ್ಲಿ ಹಾಕೀತು.

ವಿಮೆಯ ಕಾಗದ ಓದಿದ್ದೀರಾ?

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಗಾಜಿನ ಖರ್ಚು ನಿಮ್ಮದೇ. ಕಾಂಪ್ರಹೆನ್ಸಿವ್ ಇದ್ದರೆ ಗಾಜಿಗೆ ಪ್ರತ್ಯೇಕ ರಕ್ಷಣೆ ಇದೆಯೇ, ಎಷ್ಟು ರಿಯಾಲ್ ತನಕ, ಪೊಲೀಸ್ ವರದಿ ಬೇಕೇ, ಏಜೆನ್ಸಿಯಲ್ಲಿ ಹಾಕಿಸಬಹುದೇ, ಕ್ಲೇಮ್ ಮಾಡಿದರೆ ಮುಂದಿನ ವರ್ಷದ ರಿಯಾಯಿತಿ ಹೋಗುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಬಿಲ್ಲು, ಫೋಟೋ ಜೋಪಾನ ಮಾಡಿ. ಮುಲ್ಕಿಯಾ ನವೀಕರಣಕ್ಕೆ ತಪಾಸಣೆ ಇರುವವರು ಸೀಳು ಬಿದ್ದ ಗಾಜಿನೊಂದಿಗೆ ಹೋಗಿ ಮರಳಿ ಬರುವುದಕ್ಕಿಂತ ಮೊದಲೇ ಸರಿಮಾಡಿಸಿಕೊಳ್ಳುವುದು ಲೇಸು.

ಅಂದ ಹಾಗೆ, ನಮ್ಮ ಆ ಯುವಕರು ಸಲಾಲಾದಿಂದ ಮರಳಿ ಹೊಸ ಗಾಜು ಹಾಕಿಸಿಕೊಂಡರು. ಗಾಜು ಬರಲು ವಾರಗಟ್ಟಲೆ ಕಾದರು. ಅರ್ಧ ಗಂಟೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಹಲವು ಪಟ್ಟು ಖರ್ಚು ಮಾಡಿಸಿತು. "ದುಡ್ಡು ಹೋದದ್ದಕ್ಕೆ ಬೇಸರವಿಲ್ಲ, ಅವಳು ಆ ಹೊತ್ತಿಗೆ ನಿದ್ದೆ ಮಾಡಿದ್ದರೆ ಏನಾಗುತ್ತಿತ್ತು ಎಂಬುದೇ ತಲೆಯಿಂದ ಹೋಗುವುದಿಲ್ಲ" ಎನ್ನುತ್ತಾರೆ.

ಇಂದು ಸಂಜೆ ಕಾರು ನಿಲ್ಲಿಸಿದಾಗ ಗಾಜಿನ ಮೇಲೊಮ್ಮೆ ಕಣ್ಣಾಡಿಸಿ. ಚುಕ್ಕೆ ಕಂಡರೆ ಟೇಪ್ ಹಚ್ಚಿ, ನಾಳೆಯೇ ತೋರಿಸಿ. ಎಲ್ಲರಿಗೂ ಸುಖಪ್ರಯಾಣ.